ಹೊಸ ಕಾರು: ಷೋರೂಮಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ

ಕಾರು ಕೊಳ್ಳಬೇಕೆಂಬ ಆಸೆ ಮೂಡಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ನೇರವಾಗಿ ಷೋರೂಮಿಗೆ ಹೋಗುತ್ತಾರೆ. ಅಲ್ಲಿ ಮನಸ್ಸಿಗೆ ಹಿಡಿಸಿದ ಒಂದು ಕಾರನ್ನು ಕಂಡ ಮೇಲೆ ಅದಕ್ಕೆ ಹಣ ಹೊಂದಿಸುವ ದಾರಿಯನ್ನು ಹುಡುಕುತ್ತಾರೆ, ಆಮೇಲೆ ಆ ಕಾರು ತಮಗೆ ಏಕೆ ಬೇಕು ಎಂಬುದಕ್ಕೆ ಕಾರಣಗಳನ್ನು ಜೋಡಿಸಿಕೊಳ್ಳುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಕಾರು ಎಂಬುದು ಮನೆಯಲ್ಲಿ, ಒಂದು ಕಾಗದ ಮತ್ತು ಪೆನ್ನಿನ ಮುಂದೆ, ಬಹುಪಾಲು ತೀರ್ಮಾನವಾಗಿರಬೇಕು. ಷೋರೂಮಿಗೆ ಹೋಗುವುದು ಆ ತೀರ್ಮಾನವನ್ನು ಪರೀಕ್ಷಿಸಿ ನೋಡುವುದಕ್ಕಾಗಿ.

ಮೊದಲ ಕೆಲಸ, ಒಂದು ತಿಂಗಳ ಓಡಾಟವನ್ನು ಬರೆದಿಡುವುದು. ಎಲ್ಲಿಗೆ ಹೋದೆವು, ಎಷ್ಟು ಕಿಲೋಮೀಟರ್, ಎಷ್ಟು ಜನ, ಎಂಥ ರಸ್ತೆ, ವಾಹನವನ್ನು ಎಲ್ಲಿ ನಿಲ್ಲಿಸಿದೆವು, ಇಷ್ಟು ಸಾಕು. ವಿವರಣೆಗೆ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ರಾಜಾಜಿನಗರದಲ್ಲಿ ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ, ಹನ್ನೊಂದು ಕಿ.ಮೀ. ದೂರದಲ್ಲಿ ಕಚೇರಿ, ಅಪ್ಪ ಅಮ್ಮ ಮೂಡಿಗೆರೆಯಲ್ಲಿ. ಎರಡು ತಿಂಗಳಿಗೊಮ್ಮೆ ಹಾಸನ, ಬೇಲೂರಿನ ಮೇಲೆ ಸುಮಾರು 250 ಕಿ.ಮೀ. ಸಾಗಿ ಊರಿಗೆ ಹೋಗುತ್ತಾರೆ, ವರ್ಷಕ್ಕೆ ಒಂದೆರಡು ಸಲ ಹಿರಿಯರನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುತ್ತಾರೆ. ಕಚೇರಿಯ ಓಡಾಟ ತಿಂಗಳಿಗೆ ಸುಮಾರು 480 ಕಿ.ಮೀ., ಶಾಲೆ, ಮಾರುಕಟ್ಟೆ ಇತ್ಯಾದಿಗಳಿಗೆ 170, ಊರಿನ ಪ್ರಯಾಣವನ್ನು ತಿಂಗಳಿಗೆ ಹಂಚಿದರೆ 250. ಒಟ್ಟು 900 ಕಿ.ಮೀ. ಈ ಮೂರು ಸಂಖ್ಯೆಗಳು ಮುಂದಿನ ಪ್ರತಿಯೊಂದು ಆಯ್ಕೆಯಲ್ಲೂ ನಮಗೆ ಬೇಕಾಗುತ್ತವೆ.

ಬರೆದಿಟ್ಟಾಗ ಒಂದು ವಿಷಯ ಎದ್ದು ಕಾಣುತ್ತದೆ. ಮನಸ್ಸು ಕಾರನ್ನು ಕಲ್ಪಿಸಿಕೊಳ್ಳುವುದು ಘಾಟಿಯ ಮಂಜಿನಲ್ಲಿ, ಇಡೀ ಕುಟುಂಬದ ಪ್ರವಾಸದಲ್ಲಿ. ಕಾರು ನಿಜವಾಗಿ ಬದುಕುವುದು ಸಿಗ್ನಲ್ಲಿನಲ್ಲಿ, ಒಬ್ಬರೋ ಇಬ್ಬರೋ ಕೂತ ಸ್ಥಿತಿಯಲ್ಲಿ. ವರ್ಷಕ್ಕೆ ಎರಡೇ ಸಲ ಏಳು ಜನ ಹೋಗುವುದಾದರೆ ಆ ಎರಡು ದಿನಕ್ಕೆ ಬಾಡಿಗೆ ವಾಹನ ಮಾಡುವುದು, ವರ್ಷವಿಡೀ ಏಳು ಸೀಟಿನ ಕಾರನ್ನು ನಗರದ ಇಕ್ಕಟ್ಟಿನಲ್ಲಿ ಓಡಿಸುವುದಕ್ಕಿಂತ ಎಷ್ಟೋ ಅಗ್ಗ. ಆದರೆ ಮೇಲಿನ ಕುಟುಂಬದಂತೆ ಊರಿನ ಪ್ರಯಾಣ ಪದೇ ಪದೇ ಇದ್ದು, ಹಿರಿಯರೂ ಜೊತೆಗಿರುವುದಾದರೆ ಅದನ್ನು ಅಪರೂಪವೆಂದು ತಳ್ಳಿಹಾಕುವಂತಿಲ್ಲ.

ಬೆಲೆಯ ನಿಜವಾದ ಮೊತ್ತ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್-ಷೋರೂಂ ಬೆಲೆ. ನಾವು ಕೊಡುವುದು ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿದ ಆನ್-ರೋಡ್ ಬೆಲೆ. ಇವೆರಡರ ನಡುವಿನ ಅಂತರ ಕರ್ನಾಟಕದಲ್ಲಿ ದೊಡ್ಡದು, ಏಕೆಂದರೆ ಇಲ್ಲಿನ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಒಂದು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ 5 ಲಕ್ಷ ರೂಪಾಯಿಯವರೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18ರಂತೆ ತೆರಿಗೆ ಬೀಳುತ್ತದೆ, ಅದರ ಮೇಲೆ ಸೆಸ್ ಬೇರೆ. ಈ ದರ ಹಂತ ದಾಟಿದ ಭಾಗಕ್ಕೆ ಮಾತ್ರವಲ್ಲದೆ ಕಾರಿನ ಪೂರ್ತಿ ಬೆಲೆಗೆ ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು. 9,90,000 ರೂಪಾಯಿಯ ಕಾರಿಗೆ ತೆರಿಗೆ 1,38,600. ಅದೇ ಕಾರಿನ ಮೇಲಿನ ವೇರಿಯಂಟ್ ಕೇವಲ ಇಪ್ಪತ್ತು ಸಾವಿರ ಹೆಚ್ಚಾಗಿ 10,10,000 ಆದರೆ ತೆರಿಗೆ 1,71,700. ಇಪ್ಪತ್ತು ಸಾವಿರದ ವ್ಯತ್ಯಾಸ ಸೆಸ್ ಸೇರಿಸದೆಯೇ ಐವತ್ಮೂರು ಸಾವಿರ ದಾಟಿತು. ಬೆಲೆ 10 ಲಕ್ಷ ಮೀರಿದರೆ ಶೇ. 1ರಷ್ಟು ಟಿಸಿಎಸ್ (ಮಾರುವವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕೂಡ ಕಟ್ಟಬೇಕು. ಅದು ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆಯಾದರೂ ಕೊಳ್ಳುವ ದಿನ ಕೈಯಿಂದ ಹೊರಡುವ ಹಣವೇ. ಆದ್ದರಿಂದ 10 ಲಕ್ಷದ ಆಸುಪಾಸಿನಲ್ಲಿ ವೇರಿಯಂಟ್ ಆರಿಸುವವರು ಎರಡೂ ವೇರಿಯಂಟ್‌ಗಳ ಆನ್-ರೋಡ್ ಬೆಲೆಯ ಪಟ್ಟಿಯನ್ನು ಬರಹದಲ್ಲಿ ಪಡೆದು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ರಾಜ್ಯ ಬಜೆಟ್ಟಿನಲ್ಲಿ ದರಗಳು ಬದಲಾಗುವುದುಂಟು, ಹಾಗಾಗಿ ಬುಕ್ ಮಾಡುವ ವಾರದ ದರವನ್ನೇ ಕೇಳಬೇಕು.

ಜಿಎಸ್‌ಟಿಯಲ್ಲೂ ಒಂದು ಗಡಿರೇಖೆ ಇದೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ 4 ಮೀಟರ್ ಮೀರದ, ಎಂಜಿನ್ ಗಾತ್ರ 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಮತ್ತು ಅಷ್ಟೇ ಉದ್ದದ, 1500 ಸಿಸಿ ಮೀರದ ಡೀಸೆಲ್ ಕಾರುಗಳಿಗೆ ಶೇ. 18, ಉಳಿದವಕ್ಕೆ ಶೇ. 40, ಎಲೆಕ್ಟ್ರಿಕ್ ಕಾರುಗಳಿಗೆ ಶೇ. 5. ನೆಕ್ಸಾನ್, ಬ್ರೆಝಾ, ವೆನ್ಯೂ, ಡಿಸೈರ್ ಇವೆಲ್ಲವೂ 3,995 ಮಿ.ಮೀ. ಉದ್ದವಿರುವುದಕ್ಕೆ ಕಾರಣ ಈ ನಾಲ್ಕು ಮೀಟರಿನ ಲೆಕ್ಕವೇ. (ಇವುಗಳಲ್ಲೂ ಎಂಜಿನ್ ಗಾತ್ರ ಮಿತಿ ಮೀರಿದರೆ ಕಡಿಮೆ ದರ ಸಿಗುವುದಿಲ್ಲ.) ತೆರಿಗೆಯ ಉಳಿತಾಯ ನಿಜ, ಆದರೆ ಆ ಉದ್ದದೊಳಗೆ ಎಲ್ಲವನ್ನೂ ಕೂಡಿಸಬೇಕಾದ್ದರಿಂದ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂತು 250 ಕಿ.ಮೀ. ಸಾಗುವುದು ಕಷ್ಟವಾಗಬಹುದು. ಹೊರಗಿನಿಂದ ಎತ್ತರವಾಗಿ, ದೊಡ್ಡದಾಗಿ ಕಾಣುವ ಕಾರಿನ ಒಳಗಿನ ಅಗಲ ಅಷ್ಟೇ ದೊಡ್ಡದಾಗಿರಬೇಕೆಂದಿಲ್ಲ.

ಆನ್-ರೋಡ್ ಪಟ್ಟಿಯ ಮುಂದಿನ ದೊಡ್ಡ ಸಾಲು ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಒಟ್ಟಿಗೇ ಕಟ್ಟುವುದು ಕಡ್ಡಾಯ. ನಮ್ಮ ಕಾರಿನ ಹಾನಿಗೆ ಸಂಬಂಧಿಸಿದ ಭಾಗವನ್ನು ಒಂದು ವರ್ಷಕ್ಕೆ ಮಾತ್ರ ತೆಗೆದುಕೊಳ್ಳಬಹುದು. ಈ ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮ ಇಲ್ಲ. ಅದೇ ಐಡಿವಿ (ಕಾರು ಪೂರ್ತಿ ನಾಶವಾದರೆ ವಿಮೆ ಕೊಡುವ ಗರಿಷ್ಠ ಮೊತ್ತ) ಮತ್ತು ಅದೇ ಸೌಲಭ್ಯಗಳಿಗೆ ಹೊರಗೆ ಎಷ್ಟಾಗುತ್ತದೆ ಎಂದು ಎರಡು ಕಡೆ ವಿಚಾರಿಸಿ ಆ ಕಾಗದವನ್ನು ಮುಂದಿಟ್ಟರೆ, ಡೀಲರ್ ಹೇಳಿದ ಮೊತ್ತ ಇಳಿಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಮೊದಲ ವರ್ಷಗಳಲ್ಲಿ, ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಪರಿಹಾರ ಕೊಡುವ ಜೀರೋ ಡೆಪ್ರಿಸಿಯೇಷನ್ ಸೌಲಭ್ಯವನ್ನು ಬಿಡಬಾರದು. ಮಳೆಗಾಲದಲ್ಲಿ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುವ ಬೆಂಗಳೂರಿನಂಥ ಊರಿನಲ್ಲಿರುವವರು ಎಂಜಿನ್ ರಕ್ಷಣೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನೀರು ನುಗ್ಗಿ ಕೆಟ್ಟ ಎಂಜಿನ್ ಸಾಮಾನ್ಯ ವಿಮೆಯ ವ್ಯಾಪ್ತಿಗೆ ಬರುವುದು ಕಷ್ಟ. ಇನ್ನು ಹ್ಯಾಂಡ್ಲಿಂಗ್ ಚಾರ್ಜ್, ಕಡ್ಡಾಯ ಆ್ಯಕ್ಸೆಸರಿ ಪ್ಯಾಕೇಜ್ ಎಂಬ ಸಾಲುಗಳಿದ್ದರೆ ಅವು ಯಾವುದಕ್ಕೆ ಎಂದು ಕೇಳಿ, ತೆಗೆಸಿ. ನೆಲಹಾಸು, ಸೀಟ್ ಕವರ್‌ಗಳು ಹೊರಗೆ ಅರ್ಧ ಬೆಲೆಗೆ ಸಿಗುವುದುಂಟು.

ಸಾಲದ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. 8 ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 16,600. ಒಟ್ಟು ಬಡ್ಡಿ ಸುಮಾರು 1.96 ಲಕ್ಷ. ಅದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು 12,870ಕ್ಕೆ ಇಳಿಯುತ್ತದೆ, ಬಡ್ಡಿ 2.81 ಲಕ್ಷಕ್ಕೆ ಏರುತ್ತದೆ. ಕಂತು ಕಡಿಮೆಯಾಯಿತೆಂದು ಮೇಲಿನ ವೇರಿಯಂಟಿಗೆ ಹೋಗುವವರು ಈ ಎಂಬತ್ತೈದು ಸಾವಿರವನ್ನು ಗಮನಿಸುವುದಿಲ್ಲ. ಇಷ್ಟಲ್ಲದೆ, ಕಾರಿನ ತಿಂಗಳ ಖರ್ಚೆಂದರೆ ಕಂತು ಮಾತ್ರವಲ್ಲ. ನಮ್ಮ ಉದಾಹರಣೆಯ 900 ಕಿ.ಮೀ.ಗೆ ಲೀಟರಿಗೆ 14 ಕಿ.ಮೀ. ಮೈಲೇಜ್ ಮತ್ತು ಲೀಟರಿಗೆ ಸುಮಾರು 100 ರೂಪಾಯಿ ಹಿಡಿದರೂ ಪೆಟ್ರೋಲಿಗೆ 6,400 ಆಗುತ್ತದೆ. ವಿಮೆ, ಸರ್ವಿಸ್, ಟೈರ್‌ಗಳನ್ನು ತಿಂಗಳಿಗೆ ಹಂಚಿ 3,500 ಎಂದು ತೆಗೆದಿಡಬೇಕು. ಹದಿನಾರೂವರೆ ಸಾವಿರದ ಕಂತಿನ ಕಾರು ಹೀಗೆ ತಿಂಗಳಿಗೆ ಇಪ್ಪತ್ತಾರು ಸಾವಿರ ಕೇಳುತ್ತದೆ. ಕಾರು ಕೊಳ್ಳುವ ಮೂರು ತಿಂಗಳ ಮೊದಲಿನಿಂದಲೇ ಈ ಮೊತ್ತವನ್ನು ಬೇರೆ ಖಾತೆಗೆ ಹಾಕುತ್ತ ಬಂದು, ಮನೆಯ ಖರ್ಚಿಗೆ ತೊಂದರೆಯಾಗುತ್ತದೆಯೇ ಎಂದು ನೋಡುವುದಕ್ಕಿಂತ ಉತ್ತಮ ಪರೀಕ್ಷೆ ನನಗೆ ತಿಳಿದಿಲ್ಲ. ತೊಂದರೆಯಾದರೆ ಬಜೆಟ್ ಇಳಿಸಬೇಕು, ಸಾಲದ ಅವಧಿ ಹೆಚ್ಚಿಸಬಾರದು.

ಯಾವ ಇಂಧನ, ಯಾವ ಗೇರ್

ಡೀಸೆಲ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಆನ್-ರೋಡ್ ಬೆಲೆಯಲ್ಲಿ ಒಂದೂಕಾಲು ಲಕ್ಷ ಹೆಚ್ಚು ಎಂದುಕೊಳ್ಳೋಣ. ಡೀಸೆಲ್ ಲೀಟರಿಗೆ 90 ರೂಪಾಯಿ, ಮೈಲೇಜ್ 18 ಎಂದರೆ ಕಿಲೋಮೀಟರಿಗೆ 5 ರೂಪಾಯಿ. ಪೆಟ್ರೋಲಿಗೆ ಏಳು ರೂಪಾಯಿ ಚಿಲ್ಲರೆ. ತಿಂಗಳಿಗೆ 900 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಸುಮಾರು ಇಪ್ಪತ್ಮೂರು ಸಾವಿರ ಉಳಿಯುತ್ತದೆ, ಅಂದರೆ ಹೆಚ್ಚು ಕೊಟ್ಟ ಹಣ ಮರಳಲು ಐದು ವರ್ಷ ದಾಟಬೇಕು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸುವವರಿಗೆ ಅದೇ ಹಣ ಎರಡೂವರೆ ವರ್ಷದಲ್ಲಿ ಮರಳುತ್ತದೆ. ಇದರ ಜೊತೆಗೆ ಇನ್ನೊಂದು ತಾಂತ್ರಿಕ ಕಾರಣವಿದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ದಿನವೂ ಮೂರು-ನಾಲ್ಕು ಕಿ.ಮೀ. ಮಾತ್ರ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಹೆದ್ದಾರಿಯ ಓಡಾಟವಿಲ್ಲದ ನಗರವಾಸಿಗೆ ಡೀಸೆಲ್ ಈಗ ಸರಿಯಾದ ಆಯ್ಕೆಯಲ್ಲ.

ಸಿಎನ್‌ಜಿಯ ಖರ್ಚು ಕಡಿಮೆ, ಆದರೆ ಸಿಲಿಂಡರ್ ಡಿಕ್ಕಿಯ ಜಾಗವನ್ನು ತಿನ್ನುತ್ತದೆ; ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಅಡಗಿಸುವ ವಿನ್ಯಾಸ ಬಂದ ಮೇಲೆ ಈ ತೊಂದರೆ ಕೆಲವು ಕಾರುಗಳಲ್ಲಿ ತಗ್ಗಿದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಕೊಳ್ಳುವ ಮೊದಲು ನಿಮ್ಮ ದಾರಿಯಲ್ಲಿರುವ ಬಂಕಿಗೆ ಬೆಳಿಗ್ಗೆ ಮತ್ತು ಸಂಜೆ ಹೋಗಿ ಸಾಲು ಎಷ್ಟುದ್ದ ಇರುತ್ತದೆ ಎಂದು ಕಣ್ಣಾರೆ ನೋಡಿ.

ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಮೊದಲ ಪ್ರಶ್ನೆ ಕಾರಿನದಲ್ಲ, ಪಾರ್ಕಿಂಗಿನದು. ನಿಮ್ಮದೇ ಜಾಗದಲ್ಲಿ, ನಿಮ್ಮ ಮೀಟರಿನಿಂದ, ರಾತ್ರಿ ಚಾರ್ಜ್ ಮಾಡುವ ಅನುಕೂಲವಿದ್ದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸಿನಲ್ಲಿ ಓಡಿಸಬಹುದು. ಬೀದಿಯಲ್ಲಿ ನಿಲ್ಲಿಸುವವರು, ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಇನ್ನೂ ಸಿಗದವರು ಕಾಯುವುದು ಒಳ್ಳೆಯದು, ಏಕೆಂದರೆ ಹೊರಗಿನ ವೇಗದ ಚಾರ್ಜರ್‌ಗಳನ್ನೇ ನಂಬಿದರೆ ಖರ್ಚಿನ ಲಾಭ ಬಹಳ ಕರಗುತ್ತದೆ. ಕಂಪನಿ ಹೇಳುವ ರೇಂಜ್‌ನಲ್ಲಿ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಮೂರನೇ ಒಂದು ಭಾಗವನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮೂಡಿಗೆರೆಗೆ ಹೋಗುವ ಕುಟುಂಬ ಹಾಸನದಲ್ಲೋ ದಾರಿಯ ಬೇರೆ ಊರಿನಲ್ಲೋ ಊಟದ ಹೊತ್ತಿಗೆ ಚಾರ್ಜ್ ಮಾಡಿಕೊಳ್ಳುವ ಜಾಗವನ್ನು, ಅದು ಕೆಟ್ಟಿದ್ದರೆ ಇನ್ನೊಂದನ್ನು, ಮೊದಲೇ ಗುರುತಿಸಿಕೊಂಡಿರಬೇಕು. ಹಾಗೆಯೇ ಊರಿನ ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರುವ 15 ಆ್ಯಂಪಿಯರ್ ಸಾಕೆಟ್ ಇದೆಯೇ ಎಂದು ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬಾರದಿರುವುದು ಅಲ್ಲಿನವರಿಗೆ ಗೊತ್ತಿರುವ ಸಂಗತಿ.

ಗೇರಿನ ಬಗ್ಗೆ: ದಿನಕ್ಕೆ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿರುವವರು ಆಟೋಮ್ಯಾಟಿಕ್‌ಗಾಗಿ ಸನ್‌ರೂಫ್‌ನಂಥ ಸೌಲಭ್ಯಗಳನ್ನು ಬಿಟ್ಟುಕೊಟ್ಟರೂ ಪಶ್ಚಾತ್ತಾಪ ಪಡುವುದಿಲ್ಲ. ಆಟೋಮ್ಯಾಟಿಕ್‌ಗಳಲ್ಲಿ ಅಗ್ಗದ್ದು ಎಎಂಟಿ (ಸಾಮಾನ್ಯ ಗೇರ್‌ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವ ಬಗೆ), ಗೇರ್ ಬದಲಾಗುವಾಗ ಸಣ್ಣದಾಗಿ ಮುಗ್ಗರಿಸಿದಂತಾಗುತ್ತದೆ, ಏರಿನಲ್ಲಿ ಅದು ಹೆಚ್ಚು ತಿಳಿಯುತ್ತದೆ. ಸಿವಿಟಿ ಮತ್ತು ಟಾರ್ಕ್ ಕನ್ವರ್ಟರ್ ಎಂಬ ಬಗೆಗಳು ನಯವಾದವು, ಬೆಲೆ ಹೆಚ್ಚು. ಎರಡು ಕ್ಲಚ್‌ಗಳಿರುವ ಡಿಸಿಟಿ ಹೆದ್ದಾರಿಯಲ್ಲಿ ಬಹಳ ಚುರುಕು. ನಿಂತು ನಿಂತು ಹೋಗುವ ದಟ್ಟಣೆಯಲ್ಲಿ ಅದರ ಕ್ಲಚ್‌ಗಳು ಬಿಸಿಯಾಗುವ ಸಂಭವವಿದೆ.

ಎಂಜಿನ್ನಿನ ಬಲವನ್ನು ಅಳೆಯುವಾಗ ತುಂಬಿದ ಕಾರನ್ನು ನೆನೆಯಬೇಕು. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಸಾಧನ) ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ ನಗರದಲ್ಲಿ ಸಾಕಷ್ಟು ಹಗುರವಾಗಿ ಎಳೆಯುತ್ತದೆ. ಐವರು ಮತ್ತು ಊರಿನಿಂದ ತುಂಬಿಸಿಕೊಂಡ ಅಕ್ಕಿ, ಕಾಯಿಯ ಮೂಟೆಗಳೊಂದಿಗೆ ಚಾರ್ಮಾಡಿ ಹತ್ತುವಾಗ ಎರಡನೇ ಗೇರಿನಿಂದ ಮೇಲಕ್ಕೆ ಹೋಗಲು ಒಪ್ಪುವುದಿಲ್ಲ. ಟರ್ಬೊ ಪೆಟ್ರೋಲ್ ಆ ಕಷ್ಟವನ್ನು ನೀಗುತ್ತದೆ, ಕಾಲು ಭಾರವಾದರೆ ಮೈಲೇಜ್ ಇಳಿಸುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ

ಬಜೆಟ್ ಬಿಗಿಯಾದಾಗ ಮೊದಲು ಕೈಬಿಡಬೇಕಾದದ್ದು ದೊಡ್ಡ ಪರದೆ, ಸನ್‌ರೂಫ್, ಅಲಾಯ್ ಚಕ್ರಗಳು. ಕೊನೆಯವರೆಗೂ ಬಿಡಬಾರದ್ದು ಸುರಕ್ಷತೆ. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಯಲ್ಲಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂಭಾಗದ ಡಿಕ್ಕಿ, 50 ಕಿ.ಮೀ. ವೇಗದಲ್ಲಿ ಪಕ್ಕದ ಡಿಕ್ಕಿಗಳನ್ನು ಮಾಡಿಸಿ, ದೊಡ್ಡವರ ಮತ್ತು ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ನೀವು ಕೊಳ್ಳಲಿರುವ ಕಾರು ಈ ಪರೀಕ್ಷೆಗೆ ಒಳಗಾಗಿದೆಯೇ, ಒಳಗಾದಾಗ ಎಷ್ಟು ಏರ್‌ಬ್ಯಾಗ್‌ಗಳಿದ್ದವು, ನಿಮ್ಮ ವೇರಿಯಂಟಿನಲ್ಲಿ ಅಷ್ಟೇ ಇವೆಯೇ ಎಂದು ನೋಡಬೇಕು. ಆರು ಏರ್‌ಬ್ಯಾಗ್‌ಗಳಿದ್ದ ಮಾತ್ರಕ್ಕೆ ಕಾರಿನ ದೇಹ ಗಟ್ಟಿಯಾಗಿದೆ ಎಂದಲ್ಲ. ಮಳೆಯಲ್ಲಿ ತಿರುವಿನಲ್ಲಿ ಜಾರದಂತೆ ತಡೆಯುವ ಇಎಸ್‌ಸಿ, ಹಿಂದಿನ ಮಧ್ಯದ ಸೀಟಿಗೂ ಮೂರು ಬಿಂದುಗಳ ಬೆಲ್ಟ್, ಮಕ್ಕಳ ಸೀಟು ಕಟ್ಟಲು ಐಸೊಫಿಕ್ಸ್ ಕೊಂಡಿಗಳು, ಈ ಮೂರು ಇಲ್ಲದ ಕಾರನ್ನು ಚಿಕ್ಕ ಮಕ್ಕಳಿರುವ ಮನೆಗೆ ನಾನು ಸಲಹೆ ಮಾಡಲಾರೆ.

ಓಡಿಸಿ ನೋಡುವ ದಿನ

ನಮ್ಮ ಮನೆಯ ಮೊದಲ ಕಾರನ್ನು ನಾನೊಬ್ಬನೇ, ಷೋರೂಂ ಎದುರಿನ ಅಗಲವಾದ ರಸ್ತೆಯಲ್ಲಿ, ಹತ್ತು ನಿಮಿಷ ಓಡಿಸಿ ಒಪ್ಪಿಕೊಂಡಿದ್ದೆ. ಮಂಡಿನೋವಿದ್ದ ಅಮ್ಮನಿಗೆ ಆ ಕಾರಿನ ಸೀಟು ಎಷ್ಟು ತಗ್ಗು ಎಂಬುದು ಮನೆಗೆ ತಂದ ದಿನವೇ ತಿಳಿಯಿತು. ಆಮೇಲಿನ ಏಳು ವರ್ಷ ಪ್ರತಿ ಸಲ ಅವರನ್ನು ಇಳಿಸಿಕೊಳ್ಳಲು ಯಾರಾದರೂ ಕೈ ಕೊಡಬೇಕಾಗುತ್ತಿತ್ತು, ಅದಕ್ಕಾಗಿಯೇ ಅವರು ಹಲವು ಕಡೆ ಬರುವುದನ್ನು ಬಿಟ್ಟರು. ಆದ್ದರಿಂದ ಟೆಸ್ಟ್ ಡ್ರೈವಿಗೆ ಇಡೀ ಕುಟುಂಬವನ್ನು ಕರೆದುಕೊಂಡು ಹೋಗಿ ಎಂದು ಒತ್ತಿ ಹೇಳುತ್ತೇನೆ. ಹಿರಿಯರು ಹತ್ತಲಿ, ಇಳಿಯಲಿ. ಹಿಂದೆ ಮೂವರು ಹದಿನೈದು ನಿಮಿಷ ಕೂರಲಿ. ಸೀಟು ನಿಂತವರ ಸೊಂಟದ ಮಟ್ಟಕ್ಕಿದ್ದರೆ ಬಗ್ಗಬೇಕಿಲ್ಲ, ಜಿಗಿಯಬೇಕಿಲ್ಲ. ಕಾರನ್ನು ನಿಮ್ಮ ಬೀದಿಗೆ ತರಿಸಿಕೊಂಡು ನಿಮ್ಮದೇ ಗೇಟಿನೊಳಗೆ ಹಿಂದಕ್ಕೆ ತೆಗೆದು ನಿಲ್ಲಿಸಿ ನೋಡಿ. ತುಂಬಿದ ಕಾರಿನಲ್ಲಿ ನಿಮ್ಮ ಬಡಾವಣೆಯ ಹಂಪ್‌ಗಳನ್ನು ದಾಟಿಸಿ. ಗ್ರೌಂಡ್ ಕ್ಲಿಯರೆನ್ಸ್ (ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರ) ಎಂದು ಅಚ್ಚಾದ ಸಂಖ್ಯೆ ಹೆಚ್ಚಾಗಿ ಖಾಲಿ ಕಾರಿನದು, ತೋಟದ ಕಚ್ಚಾ ರಸ್ತೆಗೆ ಇಳಿಯುವವರಿಗೆ ಬೇಕಾದದ್ದು ತುಂಬಿದ ಕಾರಿನದು. ಸಾಧ್ಯವಾದರೆ ಮಧ್ಯಾಹ್ನ ಒಂದು ಸಲ ಹೋಗಿ ಎಸಿಯನ್ನೂ, ಕತ್ತಲಾದ ಮೇಲೆ ಒಂದು ಸಲ ಹೋಗಿ ಹೆಡ್‌ಲೈಟನ್ನೂ ಪರೀಕ್ಷಿಸಿ.

ಸರ್ವಿಸ್ ಕೇಂದ್ರ ನಿಮ್ಮ ಮನೆಗೆ ಮಾತ್ರವಲ್ಲ, ಊರಿಗೂ ಹತ್ತಿರವಿರಬೇಕು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕೇಂದ್ರವಿರುವ ಕಂಪನಿಗೂ, ಬೆಂಗಳೂರು ಬಿಟ್ಟರೆ ಮಂಗಳೂರಿನಲ್ಲಿ ಮಾತ್ರ ಇರುವ ಕಂಪನಿಗೂ ಹಬ್ಬದ ದಿನ ದಾರಿಯಲ್ಲಿ ಕಾರು ನಿಂತಾಗ ವ್ಯತ್ಯಾಸ ತಿಳಿಯುತ್ತದೆ. ಅದೇ ಕಾರನ್ನು ಮೂರು ವರ್ಷ ಓಡಿಸಿದವರೊಬ್ಬರನ್ನು ಹುಡುಕಿ ಬಿಡಿಭಾಗಗಳಿಗೆ ಎಷ್ಟು ದಿನ ಕಾದರೆಂದು ಕೇಳಿ.

ಕೊಳ್ಳುವ ಸಮಯವೂ ಹಣದ ವಿಷಯವೇ. ಆಯುಧಪೂಜೆ, ದೀಪಾವಳಿಗೆ ಬೇಡಿಕೆ ಹೆಚ್ಚು, ಚೌಕಾಸಿಗೆ ಅವಕಾಶ ಕಡಿಮೆ. ಆಷಾಢದಲ್ಲಿ ಕೊಳ್ಳುವವರು ವಿರಳವಾದ್ದರಿಂದ ರಿಯಾಯಿತಿ ಚೆನ್ನಾಗಿರುತ್ತದೆ. ನಂಬಿಕೆಗೆ ಅಡ್ಡಿಯಾದರೆ ಆಷಾಢದಲ್ಲಿ ಬೆಲೆ ಮಾತಾಡಿ ಬುಕ್ ಮಾಡಿ, ಆ ಬೆಲೆಯನ್ನು ಬರೆಸಿಕೊಂಡು, ಶ್ರಾವಣದಲ್ಲಿ ಮನೆಗೆ ತರಬಹುದು. ಡಿಸೆಂಬರಿನಲ್ಲೂ ರಿಯಾಯಿತಿ ದೊಡ್ಡದು, ಆದರೆ ಜನವರಿಗೆ ಆ ಕಾರು ಹಿಂದಿನ ವರ್ಷದ್ದಾಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದರಿಂದ ನಷ್ಟವಿಲ್ಲ, ನಾಲ್ಕು ವರ್ಷಕ್ಕೆ ಮಾರುವವರಿಗೆ ಇದೆ.

ಕೊನೆಯ ಹೆಜ್ಜೆ, ನೋಂದಣಿಗೆ ಮೊದಲೇ ಡೀಲರ್ ಯಾರ್ಡಿಗೆ ಹೋಗಿ ನಿಮಗೆ ಮೀಸಲಾದ ಕಾರನ್ನು ಹಗಲಿನ ಬೆಳಕಿನಲ್ಲಿ ಪರೀಕ್ಷಿಸುವುದು. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಕಾರನ್ನು ಬೇಡವೆನ್ನುವುದು ತೀರ ಕಷ್ಟ, ಹಾಗಾಗಿ ಪೂರ್ತಿ ಹಣವನ್ನು ಅದಕ್ಕೆ ಮೊದಲು ಕಟ್ಟಬೇಡಿ. ಟೈರಿನ ಮೇಲೆ ನಾಲ್ಕು ಅಂಕೆಗಳಿರುತ್ತವೆ. 3225 ಎಂದಿದ್ದರೆ ಅದು 2025ರ 32ನೇ ವಾರದ ಟೈರು. ಸ್ಟೆಪ್ನಿ ಸೇರಿ ಎಲ್ಲವೂ ಹತ್ತಿರ ಹತ್ತಿರದ ವಾರಗಳದ್ದಾಗಿರಬೇಕು, ಕಾರು ತಯಾರಾದ ತಿಂಗಳಿಗೆ ಹೊಂದಬೇಕು. ಬಾಗಿಲುಗಳ ಅಂಚಿನಲ್ಲಿ ಬಣ್ಣದ ಛಾಯೆ ಬೇರೆಯಾಗಿದೆಯೇ, ಗಾಜುಗಳ ಮೇಲಿನ ಗುರುತು ಒಂದೇ ಆಗಿದೆಯೇ, ಓಡಿದ ಕಿಲೋಮೀಟರ್ ಎಷ್ಟು ಎಂದು ನೋಡಿ. ಬಾನೆಟ್ ತೆಗೆಸಿ, ಡಿಕ್ಕಿಯ ಹಾಸನ್ನು ಎತ್ತಿಸಿ, ಎಲ್ಲ ದೀಪ ಮತ್ತು ಸ್ವಿಚ್‌ಗಳನ್ನು ಒತ್ತಿಸಿ. ಆಮೇಲೆ ಚಾಸಿ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಂಡು, ಇನ್‌ವಾಯ್ಸಿನಲ್ಲಿಯೂ ವಿಮೆಯಲ್ಲಿಯೂ ಅದೇ ಸಂಖ್ಯೆ ಇರುವುದನ್ನು ಅಂಕೆ ಅಂಕೆಯಾಗಿ ಹೋಲಿಸಿ ಸಹಿ ಮಾಡಿ.